ಪುಟ್ಟ ಕಣ್ಣಿನ ಹಿಂದೆ

ಅಕ್ಕನ ಮಗು 29 ವಾರಕ್ಕೇ ಹುಟ್ಟಿತು. ಇವತ್ತು ಅದರ ಕಣ್ಣಿನ ತಪಾಸಣೆ. ಹೊರಗೆ ಕಾಯುತ್ತಾ ಓದುತ್ತಿದ್ದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ರಕ್ತನಾಳಗಳು ಗರ್ಭದ ಸುಮಾರು 16ನೇ ವಾರಕ್ಕೆ ಕಣ್ಣಿನ ನರದ ಬುಡದಿಂದ ಹೊರಡುತ್ತವೆ. ಅಂಚು ಮುಟ್ಟುವುದು ದಿನ ತುಂಬುವ ಹೊತ್ತಿಗೆ. ಬೇಗ ಹುಟ್ಟಿದ ಮಗುವಿಗೆ ಆ ಕೆಲಸ ಇನ್ನೂ ಬಾಕಿ.

ನನಗೆ ತುಂಬಾ ಹಿಡಿಸಿದ್ದು ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳ ವಿಷಯ. ಸೋಂಕು ಬಂದರೆ ಎದುರಿಸುವ ಇವೇ, ಬೆಳೆಯುವ ಎರಡು ನಾಳಗಳ ತುದಿಗಳನ್ನು ಸೇತುವೆಯ ಹಾಗೆ ನಿಂತು ಕೂಡಿಸುತ್ತವೆ. ಇವು ಬದುಕಲು ಸಿಎಸ್‌ಎಫ್-1 ಎಂಬ ಸಂಕೇತದ ಪ್ರೋಟೀನ್ ಬೇಕು. ಅದಿಲ್ಲದ ಇಲಿಮರಿಗಳ ರೆಟಿನಾದಲ್ಲಿ ನಾಳಗಳ ಬಲೆ ತೆಳುವಾಗಿರುತ್ತದೆ. ರೋಗನಿರೋಧಕ ಶಕ್ತಿ ನಮಗೆ ನೆನಪಾಗುವುದು ಜ್ವರ ಬಂದಾಗ ಮಾತ್ರ, ಅಲ್ವಾ?

ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದರು ಡಾಕ್ಟರು. ಮಗು ಅಕ್ಕನ ಎದೆಗೊರಗಿ ಮಲಗಿದೆ.