ಮೀಟಿಂಗಿನಲ್ಲಿ ಯಾರೂ ಶಿಯರ್ ಕೇಳಲಿಲ್ಲ

ಫ್ಯೂಯೆಲ್ ಮೀಟಿಂಗಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಬೆಂಗಳೂರು–ದೆಹಲಿ ಫ್ಲೈಟಿಗೆ ಜಾಸ್ತಿ ಫ್ಯೂಯೆಲ್ ಯಾಕೆ ಹಾಕಿಸಿದಿರಿ? ಉತ್ತರ ಫ್ಲೈಟ್ ಪ್ಲಾನಿನಲ್ಲೇ ಇತ್ತು. ಅದರ ಶಿಯರ್ ಕಾಲಂ ಯಾರೂ ಓದಿರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಾನು ಡಿಸ್ಪ್ಯಾಚರ್, ನೆಲದ ಮೇಲೆ ಕೂತು ಫ್ಲೈಟಿನ ದಾರಿ, ಎತ್ತರ, ಫ್ಯೂಯೆಲ್ ಪ್ಲಾನ್ ಮಾಡುವವನು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಜೆಟ್ ಗಾಳಿ ಬೀಸುತ್ತದೆ. 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ದಾಟುವುದು ಮಾಮೂಲಿ. ದೆಹಲಿಯಿಂದ ಕೋಲ್ಕತ್ತಾಗೆ ಹೋಗುವವರಿಗೆ ಅದು ಬೆನ್ನಗಾಳಿ, ದೆಹಲಿಗೆ ಹೋಗುವ ನಮಗೆ ಅಡ್ಡಗಾಳಿ. ಈ ವೇಗಕ್ಕಿಂತ ಜಾಸ್ತಿ ನಾನು ಹೆದರುವುದು ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಇರುವ ವೇಗದ ವ್ಯತ್ಯಾಸಕ್ಕೆ, ಅಂದರೆ ಶಿಯರ್‌ಗೆ. ವಾತಾವರಣ ಸ್ಥಿರವಾಗಿದ್ದರೆ ಪದರಗಳು ಬೆರೆಯುವುದಿಲ್ಲ, ವ್ಯತ್ಯಾಸ ಏರುತ್ತಾ ಹೋಗುತ್ತದೆ. ಆ ಸ್ಥಿರತೆ ತಡೆಯಲಾರದಷ್ಟು ಏರಿದಾಗ ಪದರ ಅಲೆಯಾಗಿ ಮಡಚಿ ಒಡೆಯುತ್ತದೆ, ಅದರೊಳಗೆ ಹೋದ ವಿಮಾನ ಕುಲುಕುತ್ತದೆ. ಅಲ್ಲಿ ಮೋಡ ಇರಬೇಕೆಂದೇನಿಲ್ಲ, ಮೋಡವಿಲ್ಲದ ಈ ಕುಲುಕಾಟಕ್ಕೆ ನಾವು ಕ್ಯಾಟ್ (ಕ್ಲಿಯರ್ ಏರ್ ಟರ್ಬ್ಯುಲೆನ್ಸ್) ಅನ್ನುತ್ತೇವೆ. ನೀರಿನ ಹನಿ ಇಲ್ಲದ ಕಡೆ ವಿಮಾನದ ರೇಡಾರಿಗೂ ಏನೂ ಕಾಣುವುದಿಲ್ಲ.

ಆ ಸಂಜೆ ಭೋಪಾಲ್ ದಾಟಿದ ಮೇಲೆ 360ರಲ್ಲಿ, ಅಂದರೆ ಸುಮಾರು 36,000 ಅಡಿ ಎತ್ತರದಲ್ಲಿ, ಶಿಯರ್ ಸಾವಿರ ಅಡಿಗೆ 9 ನಾಟ್ ತೋರಿಸುತ್ತಿತ್ತು. 6 ಬಂದರೇ ನಾನು ಎಚ್ಚರ. ಅಲ್ಲಿಂದ 300ಕ್ಕೆ ಇಳಿಯುವ ಹಾಗೆ ಪ್ಲಾನ್ ಮಾಡಿದೆ. ಕೆಳಗೆ ಜಾಸ್ತಿ ಉರಿಯುತ್ತದೆ, ಅದಕ್ಕೆ ತಕ್ಕಷ್ಟು ಹಾಕಿಸಿದೆ. ಕ್ಯಾಪ್ಟನ್ ಒಪ್ಪಿದರು.

ಭೋಪಾಲ್ ಹತ್ತಿರ ಟ್ರಾಫಿಕ್ ಇತ್ತು, ಎಟಿಸಿ (ವಿಮಾನ ಸಂಚಾರ ನಿಯಂತ್ರಣದವರು) ಇಳಿಯಲು ಬಿಡಲಿಲ್ಲ. ಅಷ್ಟರಲ್ಲಿ ಮುಂದಿದ್ದ ವಿಮಾನದ ಪೈರೆಪ್ (ಪೈಲಟ್ ಕೊಡುವ ವರದಿ) ಬಂತು: 360, ಸಿವಿಯರ್, ಅಂದರೆ ತೀವ್ರ ಕುಲುಕಾಟ. ನಮ್ಮಲ್ಲಿ ಊಟದ ಟ್ರಾಲಿ ಹೊರಗಿರುವ ಹೊತ್ತು. ಕಾಕ್‌ಪಿಟ್ಟಿಗೆ ಮೆಸೇಜ್ ಕಳಿಸುವ ಏಕಾರ್ಸ್‌ನಲ್ಲಿ ಬರೆದೆ: ‘ಮುಂದೆ ಸಿವಿಯರ್ ಕ್ಯಾಟ್, ಕ್ರೂ ಕೂರಲಿ.’ ಉತ್ತರ ಇಲ್ಲ. ಸ್ಕ್ರೀನಿನಲ್ಲಿ ವಿಮಾನ ಉತ್ತರಕ್ಕೆ ಸಾಗುತ್ತಲೇ ಇತ್ತು, ಎತ್ತರ ಮಾತ್ರ 360 ಬಿಟ್ಟು ಕದಲಲಿಲ್ಲ. ಮತ್ತೆ ಕಳಿಸಿದೆ. ಡ್ಯೂಟಿ ಮ್ಯಾನೇಜರ್ ಪಕ್ಕಕ್ಕೆ ಬಂದು ನಿಂತರು, ಏನೂ ಮಾತಾಡಲಿಲ್ಲ. ಕೊನೆಗೆ ಬಂತು: ‘ರೋಜರ್. ಎಲ್ಲರೂ ಕೂತಿದ್ದಾರೆ.’ ಎತ್ತರ 358 ಆಯಿತು, 355 ಆಯಿತು. ಇಳಿಯುವಾಗಲೇ ಜೋರಾಗಿ ಕುಲುಕಿತಂತೆ. ಗ್ಯಾಲಿಯಲ್ಲಿ ಕಾಫಿ ಜಗ್ಗು ಹಾರಿಬಿದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಆ ಟ್ರಾಲಿ, ಅದನ್ನು ತಳ್ಳುವ ಹುಡುಗಿ ಇನ್ನೂ ನಡುದಾರಿಯಲ್ಲೇ ಇದ್ದಿದ್ದರೆ? ಮೀಟಿಂಗಿನಲ್ಲಿ ಇದನ್ನೇ ಕೇಳಿದೆ. ‘ಅದು ಬೇರೆ ವಿಷಯ’ ಅಂದರು. ಬೇರೆ ಹೇಗಾಗುತ್ತದೆ? ಅವರ ಸ್ಕೋರ್‌ಕಾರ್ಡಿನಲ್ಲಿ ಉರಿದ ಕಿಲೋಗಳ ಲೆಕ್ಕ ಇದೆ, ಶಿಯರ್‌ಗೆ ಒಂದು ಕಾಲಂ ಕೂಡ ಇಲ್ಲ. ಸೇರಿಸಿ ಅಂತ ಬರೆದುಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಡೆಸ್ಕಿಗೆ ಬರುವ ಹೊಸಬರಿಗೆ ಹೇಳುತ್ತೇನೆ, ಚಳಿಗಾಲದಲ್ಲಿ ದೆಹಲಿ ಪ್ಲಾನಿಗೆ ಸಹಿ ಹಾಕುವ ಮುಂಚೆ ಶಿಯರ್ ಕಾಲಂ ಮೇಲೆ ಬೆರಳಿಟ್ಟು ಒಂದೊಂದೇ ಪಾಯಿಂಟ್ ಓದಿ. ಬೇಕು ಅನಿಸಿದರೆ ಕೆಳಗಿನ ಲೆವೆಲ್ ಹಾಕಿ, ಫ್ಯೂಯೆಲ್ ತುಂಬಿಸಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ.