ಹಗೇವು, ಕಂತು 3: ಬೆಣ್ಣೆ ಕರಗಿತು, ಜೋಕುಮಾರ ಮಾತಾಡಿದ

ನಾನು ಬಿಡಿಸುತ್ತಿರುವ ಅನಿಮೇಷನ್ ಸರಣಿ ‘ಹಗೇವು’. ಹಗೇವು ಅಂದರೆ ಕಾಳು ಕೂಡಿಡಲು ನೆಲದೊಳಗೆ ತೋಡಿದ ಗುಂಡಿ. ಅದರ ಮೂರನೇ ಕಂತು ಅರ್ಧ ದಾಟಿದೆ. ಜೋಕುಮಾರನ ಹುಣ್ಣಿಮೆಯೊಳಗೆ ಮುಗಿಸಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಲೆಕ್ಕ ನೋಡಿ. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಐದು ನಿಮಿಷದ ಕಂತಿಗೆ 3600. ಒಬ್ಬನ ಕೈಲಿ ಆಗೋ ಮಾತಲ್ಲ. ಅದಕ್ಕೇ ಮುಕ್ಕಾಲು ಪಾಲು ಶಾಟ್‌ಗಳಲ್ಲಿ ಹಿನ್ನೆಲೆ ಮಾತ್ರ ಸರಿಯುತ್ತದೆ, ಜನ ಅಲ್ಲಾಡುವುದಿಲ್ಲ. ಇಲ್ಲಿಯವರೆಗೆ ಕ್ರಿಟಾದಲ್ಲಿ (ಚಿತ್ರ ಬಿಡಿಸುವ ಸಾಫ್ಟ್‌ವೇರ್) ಬಿಡಿಸಿದ್ದು 412.

ಮೊದಲ ಎರಡು ಕಂತಿನಲ್ಲಿ ದೆವ್ವಗಳಿದ್ದವು. ಈ ಸಲ ದೇವರು, ಜೋಕುಮಾರ. ಆದರೆ ಏಳೇ ದಿನ ಬದುಕುವ ದೇವರು. ಗಣಪ ಬಂದು ಹೋದ ಮೇಲೆ ಅಷ್ಟಮಿಗೆ ಹುಟ್ಟುತ್ತಾನೆ, ಅನಂತನ ಹುಣ್ಣಿಮೆಗೆ ಸಾಯುತ್ತಾನೆ. ಮಣ್ಣಿನ ಮೂರ್ತಿ, ದೊಡ್ಡ ಕಣ್ಣು, ತೆರೆದ ಬಾಯಿ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ, ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ಹಾಡುತ್ತ ಮನೆ ಮನೆಗೆ ತರುತ್ತಾರೆ. ಮನೆಯವರು ಮೊರದಲ್ಲಿ ಜೋಳ ಹಾಕಿ ಅವನ ಬಾಯಿಗೆ ಬೆಣ್ಣೆ ಒರೆಸುತ್ತಾರೆ. ಕೊನೆಯ ರಾತ್ರಿ ಅವನನ್ನು ಹೊಡೆದು ಕೊಲ್ಲುತ್ತಾರೆ, ಅಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿಟ್ಟು ಬರುತ್ತಾರೆ. ಊರಿಂದೂರಿಗೆ ವಿವರ ಬೇರೆ. ನಾನು ಹಿಡಿದಿರುವುದು ನಮ್ಮ ಸೋದರತ್ತೆ ಹೇಳಿದ್ದನ್ನು.

ನನಗೆ ಕಥೆ ಸಿಕ್ಕಿದ್ದು ಸಾವಿನಲ್ಲಲ್ಲ, ವರದಿಯಲ್ಲಿ. ಗಣಪ ಕಡಬು, ಹೋಳಿಗೆ ತಿಂದು ಮೇಲೆ ಹೋಗಿ ‘ಕೆಳಗೆ ಎಲ್ಲಾ ಚಲೋ ಐತಿ’ ಅಂತಾನಂತೆ. ಪಾಪ, ಅವನು ನೋಡಿದ್ದೇ ಅಡುಗೆಮನೆ. ಜೋಕುಮಾರ ಓಣಿ, ಹೊಲ ಎಲ್ಲ ಸುತ್ತಿರುತ್ತಾನೆ. ಮಳೆ ಇಲ್ಲ, ಬೆಳೆ ಇಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಊರೆಲ್ಲ ಪೋಲಿ ಅಂತ ಬೈಯುವವನೇ ಊರಿನ ಪರವಾಗಿ ಮಾತಾಡುವವನು.

ಕಂತಿನ ಕಥೆ ಹೀಗಿದೆ. ಚಂದ್ರವ್ವ ಅಗಸರ ಹುಡುಗಿ, ಒಂಬತ್ತು ವರ್ಷ. ಆ ವರ್ಷ ಹೆಸರುಕಾಳಿನ ಬೆಳೆ ಹೂವಲ್ಲೇ ಒಣಗಿದೆ. ಹಿಂಗಾರಿ ಜೋಳ ಬಿತ್ತೋಣ ಅಂದರೆ ಎರೆ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ಬುಟ್ಟಿ ಮನೆ ಮುಂದೆ ಬಂದಾಗ ಜೋಕುಮಾರ ಅವಳನ್ನು ಕೇಳುತ್ತಾನೆ: ‘ಮ್ಯಾಲೆ ಹೋಗಿ ಏನ್ ಹೇಳ್ಲಿ?’ ಅವಳು ಎಲ್ಲಾ ಹೇಳುತ್ತಾಳೆ. ಹುಣ್ಣಿಮೆ ರಾತ್ರಿ ಅವನನ್ನು ಕೊಲ್ಲುವ ಸರದಿ ತನ್ನ ಅಪ್ಪನದು ಅಂತ ಅವಳಿಗೆ ಗೊತ್ತಾಗುವುದು ಆಮೇಲೆ.

ಈಗ ಬೆಣ್ಣೆ ವಿಷಯ. ಮಣ್ಣಿನ ಮೂರ್ತಿಯ ತುಟಿ ಆಡಿಸಿದರೆ ಕಾರ್ಟೂನ್ ಆಗಿಬಿಡುತ್ತದೆ. ಎರಡು ಸಲ ಮಾಡಿ ನೋಡಿದೆ, ನನಗೇ ನಗು ಬಂತು. ಆಮೇಲೆ ಒಂದು ಮಧ್ಯಾಹ್ನ ತಾರಸಿ ಮೇಲೆ ಹಂಚಿನ ಚೂರಿಗೆ ಬೆಣ್ಣೆ ಹಚ್ಚಿ ಸುಮ್ನೆ ಕೂತು ನೋಡಿದೆ. ಮೊದಲು ಅಂಚು ಮಿಂಚುತ್ತದೆ. ಆಮೇಲೆ ನಡು ಜಾರುತ್ತದೆ. ಒಂದು ಹನಿ ಕೆಳಗೆ ನಿಂತು, ಬೀಳಲೋ ಬೇಡವೋ ಅಂತ ಯೋಚಿಸಿ, ಬೀಳುತ್ತದೆ. ಅಷ್ಟೇ ಸಾಕಿತ್ತು. ಈಗ ಜೋಕುಮಾರನ ತುಟಿ ಅಲ್ಲಾಡುವುದೇ ಇಲ್ಲ. ಬೆಣ್ಣೆ ಕರಗುತ್ತದೆ, ಬಾಯಿ ಮಾತಾಡಿದ ಹಾಗೆ ಕಾಣುತ್ತದೆ. ಇದಕ್ಕೇ 64 ಚಿತ್ರ. ಇಡೀ ಕಂತಿನಲ್ಲಿ ನನಗೆ ಸಮಾಧಾನ ಕೊಟ್ಟ ಶಾಟ್ ಇದೊಂದೇ.

ಮೊದಲ ಸ್ಟೋರಿಬೋರ್ಡ್‌ನಲ್ಲಿ ಚಂದ್ರವ್ವ ಅವನನ್ನು ಕದ್ದು ಉಳಿಸುತ್ತಿದ್ದಳು. ಗೌಡರ ಮನೆ ಮುಂದಿನ ಖಾಲಿ ಹಗೇವಿನಲ್ಲಿ ಬಚ್ಚಿಡುತ್ತಾಳೆ, ತಂಪಿಗೆ ಬೆಣ್ಣೆ ಗಟ್ಟಿಯಾಗುತ್ತದೆ, ಅಪ್ಪ ಬರಿಗೈಲಿ ಮರಳುತ್ತಾನೆ, ಸುಖಾಂತ್ಯ. ಅತ್ತೆಗೆ ತೋರಿಸಿದೆ. ಅವಳು ನಕ್ಕಳು. ‘ಹಗೇದಾಗ ತಂಪೆಲ್ಲಿರ್ತೈತೋ ತಮ್ಮಾ? ಝಳಕ್ಕ ಉಸಿರು ಕಟ್ತೈತಿ. ದೀಪ ಇಳಿಸಿ ನೋಡ್ತಿದ್ವಿ. ಆರಿದ್ರ ಯಾರೂ ಇಳೀತಿದ್ದಿಲ್ಲ.’

ಸರಣಿಗೆ ಹಗೇವು ಅಂತ ಹೆಸರಿಟ್ಟವನಿಗೆ ಇಷ್ಟೂ ಗೊತ್ತಿರಲಿಲ್ಲ! ಆದರೆ ಅವಳ ಆ ಒಂದು ಮಾತಿನಿಂದ ಕಥೆಯ ಗಂಟು ಬಿಚ್ಚಿತು. ಈಗ ಚಂದ್ರವ್ವ ಹಗೇವಿಗೆ ಇಳಿಯುವುದಿಲ್ಲ. ಬುಟ್ಟಿಗೆ ಹಗ್ಗ ಕಟ್ಟಿ, ಜೊತೆಗೆ ಒಂದು ಹಣತೆ ಇಟ್ಟು, ಇಳಿಸುತ್ತಾಳೆ. ಒಳಗಿನ ಝಳಕ್ಕೆ ಬೆಣ್ಣೆ ಪೂರ್ತಿ ಇಳಿದು ಬರೀ ಮಣ್ಣಿನ ಬಾಯಿ ಉಳಿಯುತ್ತದೆ. ಹಣತೆ ಆರುತ್ತದೆ. ಅವಳು ಮೇಲಿಂದ ಕರೆಯುತ್ತಾಳೆ, ಉತ್ತರ ಇಲ್ಲ. ಬಚ್ಚಿಟ್ಟರೆ ಅವನು ಮೂಗ. ಸುದ್ದಿ ಮೇಲೆ ಹೋಗಬೇಕು ಅಂದರೆ ಅವನು ಸಾಯಲೇಬೇಕು. ಅವಳೇ ಹಗ್ಗ ಎಳೆದು, ಅವನನ್ನು ಎತ್ತಿಕೊಂಡು ಹೋಗಿ ಅಪ್ಪನ ಕೈಗೆ ಕೊಡುತ್ತಾಳೆ. ಒಂದೂ ಮಾತಿಲ್ಲ. ಇಲ್ಲಿ ಸಂಗೀತ ಹಾಕಿದ್ದೆ, ತೆಗೆದೆ.

ಅಪ್ಪ ಹೊಡೆಯುವುದನ್ನು ತೋರಿಸುವುದಿಲ್ಲ. ಒನಕೆ ಎತ್ತಿದ ಕೈ, ಕಟ್, ಮುಂಜಾನೆ ಹಳ್ಳ. ಈ ಅಪ್ಪನನ್ನು ಬಿಡಿಸುವುದೇ ಕಷ್ಟ. ಸಿಟ್ಟಿನ ಮುಖ ಬರೆದರೆ ಖಳನಾಯಕ, ಅಳುಮುಖ ಬರೆದರೆ ನಾಟಕ. ಕೊನೆಗೆ ಬೆನ್ನು ಮಾತ್ರ ಬಿಡಿಸಿದ್ದೇನೆ. ತಪ್ಪಿಸಿಕೊಂಡೆ ಅನ್ನಿ.

ಸದ್ದಿನ ಕೆಲಸ ಹಿಂದೆ ಬಿದ್ದಿದೆ. ನಮ್ಮದು ಗದಗದ ಬೆಟಗೇರಿ, ಪಕ್ಕದ ಮನೆಯಲ್ಲೇ ಪವರ್‌ಲೂಮ್. ಜೋಕುಮಾರನ ದನಿಗೆ ಅತ್ತೆ ಹನ್ನೊಂದು ಟೇಕ್ ಕೊಟ್ಟಳು, ಹನ್ನೊಂದರಲ್ಲೂ ಖಟ್ ಖಟ್. ಒಂದು ದಿನ ಕರೆಂಟ್ ಹೋಯಿತು, ಮಗ್ಗ ನಿಂತಿತು, ಎಂಟು ನಿಮಿಷದಲ್ಲಿ ಎಲ್ಲಾ ಮುಗಿಸಿದೆವು. ಕರೆಂಟ್ ಹೋದರೆ ಖುಷಿಪಡುವವನು ಈ ಓಣಿಯಲ್ಲಿ ನಾನೊಬ್ಬನೇ.

ಇನ್ನು ಕೊನೆ. ಮೂರು ದಿನ ಅಗಸರು ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವುದಿಲ್ಲ, ಹಳ್ಳ ಸುಮ್ಮನಿರುತ್ತದೆ. ಆಮೇಲೆ ಅಪ್ಪ ಮೊದಲ ಬಟ್ಟೆ ಎತ್ತುತ್ತಾನೆ. ಕಪ್ಪತಗುಡ್ಡದ ಮೇಲೆ ಮೋಡ, ಮಳೆ ಅಂತ ಬರೆದಿದ್ದೆ. ಇದಕ್ಕೂ ಅತ್ತೆಯ ಒಪ್ಪಿಗೆ ಸಿಗಲಿಲ್ಲ. ‘ಮಳಿ ತೋರಸ್ಬ್ಯಾಡ. ಅಂವ ಹೇಳಾಕ ಹೋಗ್ಯಾನ, ತರಾಕಲ್ಲ.’

ಮೋಡದ ಲೇಯರ್ ಅಳಿಸಿದೆ. ಎರಡು ವಾರದ ಕೆಲಸ, ಹೊಟ್ಟೆ ಉರಿಯಿತು. ಈಗ ಕೊನೆಯ ಶಾಟ್‌ನಲ್ಲಿ ಬಿಳಿ ಆಕಾಶ, ಕಲ್ಲು, ಎತ್ತಿದ ಬಟ್ಟೆ. ಕಲ್ಲಿಗೆ ಅದು ಬಡಿಯುವ ಸದ್ದು ಇನ್ನೂ ರೆಕಾರ್ಡ್ ಆಗಬೇಕು. ಹಿತ್ತಲಲ್ಲಿ ಕಲ್ಲು ತೊಳೆದು, ಹಳೇ ಧೋತರ ನೆನೆಸಿ ಇಟ್ಟಿದ್ದೇನೆ. ಕರೆಂಟ್ ಹೋಗಲಿ ಅಂತ ಕಾಯುತ್ತಿದ್ದೇನೆ.