ಒಂದೇ ಸಲ ಬದಲಾಗುತ್ತಿದ್ದ ಟೋಕನ್

ಬಸವನಗುಡಿ ಕಡೆಯ ಒಂದು ದರ್ಶಿನಿಗೆ ನಾವು ಟೋಕನ್ ಸ್ಕ್ರೀನ್ ಮಾಡಿಕೊಟ್ಟಿದ್ದೆವು. ಅಡುಗೆಮನೆಯ ಟ್ಯಾಬ್ಲೆಟ್‌ನಲ್ಲಿ ‘ಶುರು’ ಒತ್ತಿದರೆ ಹೊರಗಿನ ಟಿವಿಯಲ್ಲಿ ಆ ಟೋಕನ್ ಹಳದಿ, ‘ರೆಡಿ’ ಒತ್ತಿದರೆ ಹಸಿರು. ಪೇಜ್ ರಿಫ್ರೆಶ್ ಮಾಡುವ ಮಾತೇ ಇಲ್ಲ. ಎರಡನೇ ದಿನ ಬೆಳಿಗ್ಗೆ ನಾನಿನ್ನೂ ಮೆಟ್ರೋದಲ್ಲಿದ್ದೆ, ಕ್ಯಾಷಿಯರ್ ಫೋನ್ ಬಂತು.

“ಸಾರ್, ನಿಮ್ ಟಿವಿ ಒಂದ್ಸಲ ಬದ್ಲಾಗತ್ತೆ, ಆಮೇಲೆ ಕಲ್ಲು ಕೂತಂಗೆ ಕೂತ್ಬಿಡತ್ತೆ. ಒಳಗೆ ದೋಸೆ ಆರೋಗ್ತಿದೆ, ಹೊರಗೆ ಜನ ಹಳದಿ ನೋಡ್ಕೊಂಡ್ ನಿಂತವ್ರೆ.”

ವೈಫೈ ಇರಬೇಕು ಅಂದೆ. ನಮ್ಮ ವೃತ್ತಿಯಲ್ಲಿ ಮೊದಲು ಬಾಯಿಗೆ ಬರುವುದೇ ಅದು. ‘ಒಂದ್ಸಲ’ ಅನ್ನುವ ಪದದಲ್ಲೇ ಉತ್ತರ ಇತ್ತು ಅಂತ ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ನಾವು ಬಳಸುವುದು ವೆಬ್ ಆಪ್ ಕಟ್ಟುವ ರೈಲ್ಸ್, ಅದರ ಜೊತೆ ರಿಫ್ರೆಶ್ ಇಲ್ಲದೆ ಪೇಜ್ ಬದಲಿಸುವ ಟರ್ಬೊ. ಟರ್ಬೊ ಸ್ಟ್ರೀಮ್ ಅಂದರೆ ಸರ್ವರ್ ಕಳಿಸುವ ಒಂದು ಚಿಕ್ಕ ಎಚ್‌ಟಿಎಂಎಲ್ ತುಂಡು. ಪೇಜಿನಲ್ಲಿ ಯಾವ ಐಡಿಯ (ಗುರುತಿನ ಹೆಸರಿನ) ಎಲಿಮೆಂಟಿಗೆ, ಅಂದರೆ ಯಾವ ಭಾಗಕ್ಕೆ, ಏನು ಮಾಡಬೇಕು ಅಂತ ಅದರಲ್ಲೇ ಬರೆದಿರುತ್ತದೆ. ಕೊನೆಗೆ ಸೇರಿಸು, ತೆಗೆದುಹಾಕು, ಹೀಗೆ ಹಲವು ಕ್ರಿಯೆಗಳಿವೆ. ಅದರಲ್ಲಿ ಅವಳಿಗಳಂತೆ ಕಾಣುವವು ಎರಡು: ‘ಅಪ್‌ಡೇಟ್’ ಮತ್ತು ‘ರೀಪ್ಲೇಸ್’. ಅಪ್‌ಡೇಟ್ ಎಲಿಮೆಂಟ್ ಅನ್ನುವ ಡಬ್ಬಿಯನ್ನು ಹಾಗೇ ಇಟ್ಟು ಒಳಗಿನದನ್ನಷ್ಟೇ ಬದಲಿಸುತ್ತದೆ. ರೀಪ್ಲೇಸ್ ಡಬ್ಬಿಯನ್ನೇ ಎತ್ತಿ ಹೊಸದನ್ನು ಇಡುತ್ತದೆ.

ಎಲ್ಲ ಕಡೆ ಉದ್ದುದ್ದ ಬರೆಯುವುದು ಬೇಸರವಾಗಿ ನಾನೊಂದು ಹೆಲ್ಪರ್ (ಬೇಕಾದಲ್ಲೆಲ್ಲ ಕರೆಯಬಹುದಾದ ಚಿಕ್ಕ ಕೋಡ್) ಮಾಡಿದ್ದೆ, ಹೆಸರು ‘ಲೈವ್_ಅಪ್‌ಡೇಟ್’. ಆರ್ಡರ್ ಕೊಡಿ, ಪಾರ್ಷಿಯಲ್ (ಪೇಜಿನ ಒಂದು ತುಂಡಿನ ಟೆಂಪ್ಲೇಟ್) ಹೆಸರು ಕೊಡಿ, ಮಿಕ್ಕಿದ್ದು ಅದು ನೋಡಿಕೊಳ್ಳುತ್ತದೆ. ಬೇರೆ ಏನೂ ಹೇಳದಿದ್ದರೆ ಒಳಗೆ ರೀಪ್ಲೇಸ್ ಓಡುತ್ತಿತ್ತು. ಹೆಸರಿನಲ್ಲಿ ಅಪ್‌ಡೇಟ್, ಮಾಡುವುದು ರೀಪ್ಲೇಸ್! ಅದನ್ನು ಬರೆದ ದಿನ ನನಗೆ ಭಾರೀ ಹೆಮ್ಮೆಯಿತ್ತು.

ಅಡುಗೆಮನೆಯ ಕಾರ್ಡಿನ ಪಾರ್ಷಿಯಲ್‌ನಲ್ಲಿ ಐಡಿ ಒಳಗೇ ಇತ್ತು, ಹಾಗಾಗಿ ಅಲ್ಲಿ ಎಲ್ಲ ಸರಿ. ಟಿವಿ ಪೇಜಿನಲ್ಲಿ ಐಡಿ ಇದ್ದದ್ದು ಹೊರಗಿನ ಡಿವ್ ಅನ್ನುವ ಡಬ್ಬಿಯಲ್ಲಿ, ಪಾರ್ಷಿಯಲ್‌ನಲ್ಲಿ ಬರೀ ನಂಬರು ಮತ್ತು ಬಣ್ಣ. ‘ಶುರು’ ಒತ್ತಿದಾಗ ರೀಪ್ಲೇಸ್ ಆಗಿ ಹಳದಿ ಬಂತು, ಅದರ ಜೊತೆಗೇ ಡಿವ್ ಹೋಯಿತು, ಐಡಿಯೂ ಹೋಯಿತು. ‘ರೆಡಿ’ ಒತ್ತಿದಾಗ ಟರ್ಬೊ ಆ ಐಡಿ ಹುಡುಕಿತು, ಸಿಗಲಿಲ್ಲ, ಸುಮ್ಮನಾಯಿತು. ಎರರ್ ಇಲ್ಲ, ಸರ್ವರ್ ಲಾಗ್‌ನಲ್ಲಿ ಎಲ್ಲ ಸರಿಯಾಗಿ ಕಳಿಸಿದ ದಾಖಲೆ. ಪೇಜ್ ರಿಫ್ರೆಶ್ ಮಾಡಿದರೆ ಡಿವ್ ವಾಪಸ್ ಬರುತ್ತದೆ, ರೋಗವೂ ಮಾಯ. ನಾನು ಆಫೀಸಿನಲ್ಲಿ ಟಿವಿ ಪೇಜ್ ಟೆಸ್ಟ್ ಮಾಡಿದ್ದು ‘ಶುರು’ ಒತ್ತಿ ಮಾತ್ರ.

ನಮ್ಮ ಟೀಮಿನ ಹಿರಿಯರೊಬ್ಬರು ಕೋಡ್ ನೋಡಿ ಬೈಯಲಿಲ್ಲ. “ಇದನ್ನ ಕರೆಯೋ ಸಾಲು ಓದಿ, ಪೇಜಲ್ಲಿ ಏನಾಗತ್ತೆ ಅಂತ ಹೇಳಿ” ಅಂದರು. ಹೇಳಲಾಗಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹೊಸ ಹೆಲ್ಪರ್‌ಗಳ ಹೆಸರು ಟರ್ಬೊ ಭಾಷೆಯಲ್ಲಿಲ್ಲ, ದರ್ಶಿನಿಯ ಭಾಷೆಯಲ್ಲಿವೆ: ‘ಟೋಕನ್ ಬಂತು’, ‘ಟೋಕನ್ ಬದಲಾಯಿತು’, ‘ಟೋಕನ್ ಹೋಯಿತು’. ಮೂರಕ್ಕೂ ಕೊಡಬೇಕಾದ್ದು ಆರ್ಡರ್ ಒಂದೇ. ಪಾರ್ಷಿಯಲ್ ಯಾವುದು, ಯಾವ ಕ್ರಿಯೆ ಅನ್ನುವುದು ಒಳಗೇ ತೀರ್ಮಾನ. ಹೊರಗಿನಿಂದ ಆಪ್ಷನ್ ತುರುಕಲು ಜಾಗ ಇಟ್ಟಿಲ್ಲ. ಐಡಿಯನ್ನು ಪಾರ್ಷಿಯಲ್ಲೂ ಹೆಲ್ಪರೂ ಐಡಿ ತಾನೇ ಕಟ್ಟಿಕೊಡುವ ರೈಲ್ಸ್‌ನ ‘ಡಾಮ್_ಐಡಿ’ಯಿಂದಲೇ ಪಡೆಯುತ್ತವೆ, ಕೈಯಲ್ಲಿ ಯಾರೂ ಬರೆಯುವುದಿಲ್ಲ. ಮೂರರ ಬದಲು ಮೂವತ್ತಾದರೆ ಏನು ಗತಿ ಅಂತ ಒಬ್ಬರು ಕೇಳಿದರು. ಮೂವತ್ತು ಬಗೆಯ ಬದಲಾವಣೆ ಇದ್ದರೆ ಮೂವತ್ತು ಹೆಸರು ಇರಲಿ, ನನಗೆ ಅಡ್ಡಿಯಿಲ್ಲ.

ಇನ್ನೊಂದು ಕೆಲಸ ಮಾಡಿದೆವು. ಸ್ಟ್ರೀಮ್ ಪೇಜಿಗೆ ಬೀಳುವ ಮುಂಚೆ ಟರ್ಬೊ ಒಂದು ಈವೆಂಟ್ ಎಬ್ಬಿಸುತ್ತದೆ. ಅಲ್ಲಿ ಟಾರ್ಗೆಟ್, ಅಂದರೆ ಆ ಐಡಿಯ ಎಲಿಮೆಂಟ್, ಸಿಗದಿದ್ದರೆ ಡೆವಲಪ್‌ಮೆಂಟ್‌ನಲ್ಲಿ (ನಾವು ಕೋಡ್ ಬರೆಯುವ ಕಡೆ) ಬ್ರೌಸರ್ ಕನ್ಸೋಲಿನಲ್ಲಿ ಎಚ್ಚರಿಕೆ ಬರುವಂತೆ ನಾಲ್ಕು ಸಾಲು ಹಾಕಿದೆವು. ಲೈವ್‌ನಲ್ಲಿ ಬೇಡ: ಒಂದೇ ಸ್ಟ್ರೀಮನ್ನು ಅಡುಗೆಮನೆಯೂ ಟಿವಿಯೂ ಕೇಳಿಸಿಕೊಳ್ಳುವಾಗ, ಒಂದು ಕಡೆ ಟಾರ್ಗೆಟ್ ಇಲ್ಲದಿರುವುದು ತಪ್ಪೇನಲ್ಲ.

ವೈಫೈಯನ್ನೂ ಸುಮ್ಮನೆ ಬೈದಿರಲಿಲ್ಲ ಅನ್ನಿ. ಸಂಪರ್ಕ ಕಡಿದಾಗ ಕಳಿಸಿದ ಸ್ಟ್ರೀಮ್‌ಗಳನ್ನು, ಸಾಗಿಸುವ ಕೆಲಸದ ರೈಲ್ಸ್‌ನ ಆಕ್ಷನ್ ಕೇಬಲ್ ಆಮೇಲೆ ಮತ್ತೆ ಕಳಿಸುವುದಿಲ್ಲ. ಅದಕ್ಕೆ ಯಾವ ಹೆಲ್ಪರೂ ಮದ್ದಲ್ಲ. ಸಂಪರ್ಕ ಮರಳಿದಾಗ ಇಡೀ ಪಟ್ಟಿಯನ್ನೇ ಹೊಸದಾಗಿ ತರಿಸುತ್ತಿದ್ದೇವೆ.

ಹಳೆಯ ‘ಲೈವ್_ಅಪ್‌ಡೇಟ್’ ಇನ್ನೂ ಸತ್ತಿಲ್ಲ. ದಿನದ ಲೆಕ್ಕದ ಪೇಜಿನಲ್ಲಿ ಎರಡು ಕಡೆ ಉಳಿದಿದೆ. ರಾತ್ರಿ ಅಂಗಡಿ ಮುಚ್ಚುವಾಗ ಕ್ಯಾಷಿಯರ್ ಒಂದೇ ಒಂದು ಸಲ ಒತ್ತುವ ಬಟನ್ ಅದು, ಅದಕ್ಕೇ ಬಚಾವಾಗಿದೆ.